ಕಾಂಡದ ಸೆಕ್ಷನ್, ಅಡಿಕೆ ದಬ್ಬೆ, ಒಂಟೆಯ ಡುಬ್ಬ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಾಯೋಗಿಕ ಪರೀಕ್ಷೆಗಳು ಹತ್ತಿರ ಬರುತ್ತಿರುವುದರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜೀವಶಾಸ್ತ್ರದ ಪ್ರಯೋಗಶಾಲೆಗೆ ಸಂಬಂಧಿಸಿವೆ. ಸಸ್ಯಕಾಂಡದ ಅಂಗಾಂಶಗಳ ಬಗ್ಗೆ ಮತ್ತು ಪ್ರಾಣಿಗಳ ಹೊಂದಾಣಿಕೆಗಳ ಬಗ್ಗೆ ಕೇಳಿದ ಐದು ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿದ್ಯಾರ್ಥಿನಿ. ಸೂರ್ಯಕಾಂತಿ ಕಾಂಡದ ಅಡ್ಡಛೇದವನ್ನು ಎಷ್ಟು ಸಲ ಕತ್ತರಿಸಿದರೂ ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಕೆಂಪು ಮುದ್ದೆಯಾಗಿ ಕಾಣುತ್ತದೆ. ಪುಸ್ತಕದ ಚಿತ್ರದಲ್ಲಿರುವ ಪದರಗಳು ನನಗೆ ಸಿಗುವುದೇ ಇಲ್ಲ. ಚಿತ್ರವನ್ನು ಬಾಯಿಪಾಠ ಮಾಡಿ ಬರೆದರೆ ಸಾಕು ಎಂದು ಗೆಳತಿಯರು ಹೇಳುತ್ತಾರೆ. ಏನು ಮಾಡಲಿ? (ವಿದ್ಯಾರ್ಥಿನಿ, ಹಾಸನ ಜಿಲ್ಲೆ)

ಉತ್ತರ: ಬಾಯಿಪಾಠದ ಚಿತ್ರ ಬೇಡ. ನಿಮ್ಮ ಸ್ಲೈಡಿನಲ್ಲಿ ಪದರಗಳು ಕಾಣದಿರುವುದಕ್ಕೆ ಎರಡೇ ಕಾರಣಗಳಿರಬಹುದು: ಸೆಕ್ಷನ್ (ಕತ್ತರಿಸಿದ ತೆಳು ಬಿಲ್ಲೆ) ದಪ್ಪವಾಗಿದೆ, ಬಣ್ಣ ಹೆಚ್ಚಾಗಿದೆ. ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ಸರಿಪಡಿಸಿಕೊಳ್ಳಬಹುದು.

ಮೊದಲು ಕಾಂಡದ ಆಯ್ಕೆ. ಪೆನ್ಸಿಲಿನಷ್ಟು ದಪ್ಪದ ಎಳೆಯ ಕಾಂಡವನ್ನು, ಅದರಲ್ಲೂ ಎರಡು ಗೆಣ್ಣುಗಳ ನಡುವಿನ ಭಾಗವನ್ನು ತೆಗೆದುಕೊಳ್ಳಿ. ಗೆಣ್ಣಿನಲ್ಲಿ ನಾಳಕೂರ್ಚಗಳು (ನೀರು, ಆಹಾರ ಸಾಗಿಸುವ ನಾಳಗಳ ಕಟ್ಟುಗಳು) ಎಲೆಗಳ ಕಡೆಗೆ ತಿರುಗುವುದರಿಂದ ಅಲ್ಲಿ ಕತ್ತರಿಸಿದರೆ ಯಾವ ಚಿತ್ರಕ್ಕೂ ಹೊಂದದ ನೋಟ ಸಿಗುತ್ತದೆ. ಬಲಿತ ಕಾಂಡದಲ್ಲಿ ದ್ವಿತೀಯ ಬೆಳವಣಿಗೆ (ಕಾಂಡ ದಪ್ಪವಾಗುವ ಬೆಳವಣಿಗೆ) ಆರಂಭವಾಗಿ ಬಿಡಿಬಿಡಿ ಕೂರ್ಚಗಳ ಬದಲು ನೀರು ಸಾಗಿಸುವ ಅಂಗಾಂಶವಾದ ಕ್ಸೈಲಮ್‌ನ ಮುಚ್ಚಿದ ಉಂಗುರವೇ ಕಾಣಬಹುದು. ಕಾಂಡದ ತುಂಡನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನೆಟ್ಟಗೆ ಹಿಡಿದು, ಹೊಸ ಬ್ಲೇಡನ್ನೂ ಕಾಂಡದ ತುದಿಯನ್ನೂ ನೀರಿನಲ್ಲಿ ಒದ್ದೆ ಮಾಡಿಕೊಂಡು, ಬ್ಲೇಡನ್ನು ಮಟ್ಟಸವಾಗಿಟ್ಟು ನಿಮ್ಮ ಕಡೆಗೆ ಒಂದೇ ಎಳೆತದಲ್ಲಿ ಎಳೆಯಿರಿ. ಗರಗಸದಂತೆ ಹಿಂದೆಮುಂದೆ ಆಡಿಸಿದರೆ ಕೋಶಗಳು ಹರಿಯುತ್ತವೆ. ಬ್ಲೇಡ್ ಓರೆಯಾದರೆ ದುಂಡಗೆ ಕಾಣಬೇಕಾದ ನಾಳಗಳು ಉದ್ದುದ್ದವಾಗಿ ಕಾಣುತ್ತವೆ. ಹತ್ತಾರು ಸೆಕ್ಷನ್‌ಗಳನ್ನು ತೆಗೆದು, ಕುಂಚದಿಂದ ವಾಚ್ ಗ್ಲಾಸಿನ ನೀರಿಗೆ ಇಳಿಸಿ, ಅವುಗಳಲ್ಲಿ ಅತ್ಯಂತ ತೆಳುವಾದುದನ್ನು ಆರಿಸಿ. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ: ಪೂರ್ಣ ವೃತ್ತ ಸಿಗಬೇಕೆಂಬ ಹಟದಲ್ಲಿ ದಪ್ಪ ಸೆಕ್ಷನ್ನನ್ನು ಆರಿಸಿಕೊಳ್ಳುತ್ತಾರೆ. ಹೊರಪದರದಿಂದ ನಡುವಿನ ದಿಂಡಿನವರೆಗೆ ತಲುಪುವ ತೆಳುವಾದ ಒಂದು ಹೋಳು, ದಪ್ಪನೆಯ ಇಡೀ ವೃತ್ತಕ್ಕಿಂತ ಎಷ್ಟೋ ಮೇಲು.

ಇನ್ನು ಬಣ್ಣ. ಸ್ಯಾಫ್ರಾನಿನ್ ಎಂಬ ಕೆಂಪು ಬಣ್ಣದ ದ್ರಾವಣದಲ್ಲಿ ಒಂದೆರಡು ನಿಮಿಷ ಇಟ್ಟರೆ ಸಾಕು. ಆಮೇಲೆ ಶುದ್ಧ ನೀರಿನಲ್ಲಿ, ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆಯಬೇಕು. ಈ ತೊಳೆಯುವ ಕೆಲಸದಲ್ಲಿಯೇ ಪ್ರಯೋಗದ ಅರ್ಧ ಗುಟ್ಟಿದೆ. ಲಿಗ್ನಿನ್ (ಭಿತ್ತಿಯನ್ನು ಗಟ್ಟಿಗೊಳಿಸುವ ವಸ್ತು) ತುಂಬಿದ ಕೋಶಭಿತ್ತಿಗಳು ಸ್ಯಾಫ್ರಾನಿನ್ನನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ, ಸೆಲ್ಯುಲೋಸ್ ಭಿತ್ತಿಗಳು ಅದನ್ನು ಬಿಟ್ಟುಕೊಡುತ್ತವೆ. ಚೆನ್ನಾಗಿ ತೊಳೆದ ಸೆಕ್ಷನ್‌ನಲ್ಲಿ ಕ್ಸೈಲಮ್ ಮತ್ತು ಸ್ಕ್ಲೀರೆಂಕೈಮ (ಗಟ್ಟಿ ಭಿತ್ತಿಯ ಆಧಾರ ಅಂಗಾಂಶ) ಕಡುಗೆಂಪಾಗಿಯೂ ಉಳಿದ ಅಂಗಾಂಶಗಳು ತಿಳಿಗುಲಾಬಿಯಾಗಿಯೂ ಕಾಣುವುದರಿಂದ, ಯಾವುದು ಯಾವುದೆಂಬುದನ್ನು ಬಣ್ಣವೇ ಹೇಳಿಕೊಡುತ್ತದೆ. ಸ್ಲೈಡಿನ ಮೇಲೆ ಒಂದು ಹನಿ ಗ್ಲಿಸರಿನ್ ಹಾಕಿ ಸೆಕ್ಷನ್ ಇಟ್ಟು, ಕವರ್ ಸ್ಲಿಪ್ಪಿನ ಒಂದು ಅಂಚನ್ನು ಮೊದಲು ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸಿ. ಗಾಳಿಗುಳ್ಳೆ ಉಳಿದರೆ ಅದು ದಪ್ಪ ಕಪ್ಪು ಅಂಚಿನ, ಒಳಗೆ ಏನೂ ಇಲ್ಲದ ಸಂಪೂರ್ಣ ದುಂಡು ಆಕಾರವಾಗಿ ಕಾಣುತ್ತದೆ. ಅದನ್ನೇ ಕ್ಸೈಲಮ್ ನಾಳವೆಂದು ಗುರುತಿಸಿದ ಚಿತ್ರಗಳು ರೆಕಾರ್ಡ್ ಪುಸ್ತಕಗಳಲ್ಲಿ ಅಪರೂಪವಲ್ಲ.

ಈಗ ಹೊರಗಿನಿಂದ ಒಳಕ್ಕೆ ಹೋಗೋಣ. ಕ್ಯುಟಿಕಲ್ (ಮೇಣದಂಥ ಪೊರೆ) ಹೊದ್ದ ಒಂದೇ ಸಾಲಿನ ಹೊರದರ್ಮ, ಅಲ್ಲಲ್ಲಿ ಬಹುಕೋಶೀಯ ರೋಮಗಳು. ಅದರ ಒಳಗೆ ಕೆಲವು ಸಾಲು ಕೋಲೆಂಕೈಮ: ಈ ಕೋಶಗಳ ಮೂಲೆಗಳು ಮಾತ್ರ ದಪ್ಪಗಾಗಿರುತ್ತವೆ, ಲಿಗ್ನಿನ್ ಇಲ್ಲದ್ದರಿಂದ ಕಡುಗೆಂಪಾಗುವುದಿಲ್ಲ. ಎಳೆಯ ಕಾಂಡ ಗಾಳಿಗೆ ಬಾಗಿದರೂ ಮುರಿಯದಿರುವುದು ಮತ್ತು ಬಾಗುತ್ತಲೇ ಉದ್ದಕ್ಕೆ ಬೆಳೆಯಲು ಸಾಧ್ಯವಾಗಿರುವುದು ಈ ಜೀವಂತ, ಬಳುಕುವ ಅಂಗಾಂಶದಿಂದ. ಅದರ ಒಳಗೆ ತೆಳುಭಿತ್ತಿಯ ಮೆತ್ತನೆಯ ಕೋಶಗಳ ಪೇರೆಂಕೈಮ, ಅದರ ಕೊನೆಯ ಸಾಲಾಗಿ ಪಿಷ್ಟ ತುಂಬಿದ ಅಂತರ್ದರ್ಮ. ಬಣ್ಣ ಹಾಕದ ಇನ್ನೊಂದು ಸೆಕ್ಷನ್‌ಗೆ ಒಂದು ಹನಿ ಅಯೋಡಿನ್ ಹಾಕಿದರೆ ಈ ಸಾಲು ಕಡುನೀಲಿಯಾಗಿ ಎದ್ದು ಕಾಣಬಹುದು. ಸಮಯವಿದ್ದರೆ ಖಂಡಿತ ಮಾಡಿ ನೋಡಿ. ಮುಂದೆ ಉಂಗುರದಂತೆ ಜೋಡಿಸಿದ ನಾಳಕೂರ್ಚಗಳು. ಪ್ರತಿ ಕೂರ್ಚದ ಹೊರತುದಿಯಲ್ಲಿ ಸ್ಕ್ಲೀರೆಂಕೈಮದ ಕೆಂಪು ತೇಪೆ, ಕೆಳಗೆ ಆಹಾರ ಒಯ್ಯುವ, ಮಸುಕಾದ ಫ್ಲೋಯಮ್, ನಡುವೆ ಇಟ್ಟಿಗೆಯಾಕಾರದ ಸಣ್ಣ ಕೋಶಗಳ ಕ್ಯಾಂಬಿಯಮ್ (ಹೊಸ ಕೋಶಗಳನ್ನು ಹುಟ್ಟಿಸುವ ಪದರ), ಒಳಗಡೆ ಕೆಂಪು ಕ್ಸೈಲಮ್. ಕ್ಸೈಲಮ್‌ನಲ್ಲಿ ಕಿರಿದಾದ ನಾಳಗಳು ಕಾಂಡದ ಕೇಂದ್ರದ ಕಡೆಗೆ, ಅಗಲವಾದವು ಹೊರಗಡೆಗೆ ಇರುತ್ತವೆ. ಬೇರಿನಲ್ಲಿ ಈ ಕ್ರಮ ತಿರುವುಮುರುವು. ಗುರುತಿಸುವ ಪ್ರಶ್ನೆಯಲ್ಲಿ ಕಾಂಡವೋ ಬೇರೋ ಎಂಬುದನ್ನು ತೀರ್ಮಾನಿಸಲು ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವಿಲ್ಲ.

ಮೆಕ್ಕೆಜೋಳದ ಕಾಂಡದಲ್ಲಿ ಈ ಉಂಗುರವೇ ಇರುವುದಿಲ್ಲ. ಕೂರ್ಚಗಳು ಚದುರಿರುತ್ತವೆ, ಅಂಚಿನಲ್ಲಿ ಚಿಕ್ಕವು ಒತ್ತಾಗಿ, ನಡುವೆ ದೊಡ್ಡವು ವಿರಳವಾಗಿ. ಪ್ರತಿ ಕೂರ್ಚವೂ ಒಂದು ಮುಖದಂತೆ ಕಾಣುತ್ತದೆ: ಎರಡು ದೊಡ್ಡ ನಾಳಗಳು ಕಣ್ಣುಗಳು, ಕೆಳಗಿನ ಪೊಳ್ಳು ಬಾಯಿ, ಹಣೆಯ ಜಾಗದಲ್ಲಿ ಫ್ಲೋಯಮ್. ಸುತ್ತಲೂ ಸ್ಕ್ಲೀರೆಂಕೈಮದ ಹೊದಿಕೆ. ಕ್ಸೈಲಮ್ ಮತ್ತು ಫ್ಲೋಯಮ್ ನಡುವೆ ಕ್ಯಾಂಬಿಯಮ್ ಇಲ್ಲ. ಹೊರದರ್ಮದ ಕೆಳಗೆ ಸೂರ್ಯಕಾಂತಿಯಲ್ಲಿದ್ದ ಕೋಲೆಂಕೈಮದ ಜಾಗದಲ್ಲಿ ಇಲ್ಲಿ ಕೆಂಪಾಗಿ ಕಾಣುವ ಸ್ಕ್ಲೀರೆಂಕೈಮ ಇರುತ್ತದೆ.

ಸೂರ್ಯಕಾಂತಿ ಸಿಗದಿದ್ದರೆ ತುಂಬೆ ಅಥವಾ ತುಳಸಿಯ ಎಳೆ ಕಾಂಡವನ್ನು ಕತ್ತರಿಸಿ ನೋಡಿ. ಕಾಂಡ ಚೌಕಾಕಾರದ್ದು; ನಾಲ್ಕೂ ಮೂಲೆಗಳಲ್ಲಿ ಕೋಲೆಂಕೈಮ ಒತ್ತಾಗಿ ಸೇರಿಕೊಂಡಿರುವುದನ್ನು ಕಂಡವರು ಆ ಅಂಗಾಂಶವನ್ನು ಮತ್ತೆ ಮರೆಯಲಾರರು. ಕುಂಬಳದ ಬಳ್ಳಿಯನ್ನು ಮಾತ್ರ ಆರಂಭದಲ್ಲಿ ದೂರವಿಡಿ. ಅದರ ಕೂರ್ಚದಲ್ಲಿ ಕ್ಸೈಲಮ್‌ನ ಎರಡೂ ಬದಿಗೆ ಫ್ಲೋಯಮ್ ಇರುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ. ಚಿತ್ರವನ್ನು ನಿಮ್ಮ ಸ್ಲೈಡಿನಲ್ಲಿ ಕಂಡಷ್ಟೇ ಬರೆಯಿರಿ. ಫ್ಲೋಯಮ್ ಸ್ಪಷ್ಟವಾಗಿಲ್ಲದಿದ್ದರೆ ಅದು ಇರುವ ಜಾಗವನ್ನು ರೇಖೆಯಿಂದ ತೋರಿಸಿದರೆ ಸಾಕು, ಕಾಣದ ಕೋಶಗಳನ್ನು ತುಂಬಿಸಬೇಡಿ.

ಪ್ರಶ್ನೆ: ಏಕದಳ ಸಸ್ಯಗಳ ಕಾಂಡದಲ್ಲಿ ಕ್ಯಾಂಬಿಯಮ್ ಇಲ್ಲ ಎಂದು ಮಗಳ ಪುಸ್ತಕದಲ್ಲಿದೆ. ಹಾಗಿದ್ದರೆ ನಮ್ಮ ತೋಟದ ಅಡಿಕೆ, ತೆಂಗಿನ ಮರಗಳು ಅಷ್ಟು ದಪ್ಪವಾಗುವುದು ಹೇಗೆ? ಹಲಸಿನ ಮರದ ತೊಗಟೆಯನ್ನು ಸುತ್ತಲೂ ತೆಗೆದರೆ ಮರ ಸಾಯುತ್ತದೆ. ತೆಂಗಿನ ಮರಕ್ಕೆ ಅಷ್ಟು ಕಚ್ಚು ಕಡಿದರೂ ಅದು ಬದುಕುತ್ತದಲ್ಲ? (ಕೃಷಿಕರು, ಶಿರಸಿ ತಾಲ್ಲೂಕು)

ಉತ್ತರ: ಪುಸ್ತಕದ ಮಾತು ನಿಜ, ನಿಮ್ಮ ಅನುಮಾನವೂ ಸರಿಯಾದ ಜಾಗದಲ್ಲಿಯೇ ಹುಟ್ಟಿದೆ. ಅಡಿಕೆ ಮತ್ತು ತೆಂಗಿನ ಮರಗಳು ಹಲಸು, ಸಾಗುವಾನಿಗಳಂತೆ ವರ್ಷ ವರ್ಷ ದಪ್ಪವಾಗುವುದಿಲ್ಲ. ಅವುಗಳ ಸುಳಿಯ ಬುಡದಲ್ಲಿರುವ ವರ್ಧನ ಅಂಗಾಂಶ ಮೊದಲು ಕಾಂಡದ ಅಗಲವನ್ನು ನಿರ್ಮಿಸಿಕೊಳ್ಳುತ್ತದೆ, ಆಮೇಲೆ ಆ ಅಗಲವನ್ನು ಉಳಿಸಿಕೊಂಡು ಮೇಲಕ್ಕೆ ಏರುತ್ತದೆ. ಸಣ್ಣ ಸಸಿ ಕೆಲವು ವರ್ಷ ನೆಲಮಟ್ಟದಲ್ಲಿಯೇ ಗರಿ ಹರಡಿಕೊಂಡು ನಿಂತಂತೆ ತೋರುವಾಗ ನಡೆಯುವುದು ಈ ಕೆಲಸವೇ. ಕೆಲವು ತಾಳೆ ಜಾತಿಗಳಲ್ಲಿ ಇರುವ ಪೇರೆಂಕೈಮ ಕೋಶಗಳು ಹಿಗ್ಗಿ ಕಾಂಡ ಸ್ವಲ್ಪ ದಪ್ಪವಾಗುವುದುಂಟು, ಆದರೆ ಅದು ಕ್ಯಾಂಬಿಯಮ್‌ನ ಕೆಲಸವಲ್ಲ. ಆದ್ದರಿಂದಲೇ ಇಂಥ ಮರಗಳ ಒಳಗೆ ವಾರ್ಷಿಕ ಉಂಗುರಗಳಿರುವುದಿಲ್ಲ. ಅಡಿಕೆ ಮರದ ಹೊರಮೈಯಲ್ಲಿ ಕಾಣುವ ಬಳೆಗಳು ಹಾಳೆ ಕಳಚಿ ಬಿದ್ದ ಗುರುತುಗಳು.

ಕಾಂಡದ ಒಳರಚನೆಯನ್ನು ನೋಡಲು ನಿಮಗೆ ಸೂಕ್ಷ್ಮದರ್ಶಕವೂ ಬೇಡ, ಕಡಿದ ಅಡಿಕೆ ಮರವೊಂದು ಸಾಕು. ಅಂಚಿನಲ್ಲಿ ಕಡುಬಣ್ಣದ ನಾರುಗಳು ಒತ್ತೊತ್ತಾಗಿ, ನಡುವೆ ಮೆತ್ತನೆಯ ತಿರುಳಿನಲ್ಲಿ ವಿರಳವಾಗಿ ಕಾಣುತ್ತವೆ. ಆ ಒಂದೊಂದು ನಾರೂ ಸ್ಕ್ಲೀರೆಂಕೈಮ ಹೊದ್ದ ಒಂದೊಂದು ನಾಳಕೂರ್ಚ. ಮೆಕ್ಕೆಜೋಳದ ಸ್ಲೈಡಿನಲ್ಲಿ ವಿದ್ಯಾರ್ಥಿಗಳು ನೋಡುವ ಜೋಡಣೆಯೇ ಇದು. ಮರವನ್ನು ಸೀಳಿ ತಿರುಳನ್ನು ಕೆತ್ತಿ ತೆಗೆದರೆ ಉಳಿಯುವ ಗಟ್ಟಿ ಹೊರಭಾಗವೇ ಚಪ್ಪರಕ್ಕೆ, ಬೇಲಿಗೆ, ನೀರು ಹಾಯಿಸುವ ದೋಣಿಗೆ ನೀವು ಬಳಸುವ ದಬ್ಬೆ. ಬಾಗುವಾಗ ಕಂಬವೊಂದರ ಹೊರಅಂಚಿಗೆ ಹೆಚ್ಚಿನ ಒತ್ತಡ ಬೀಳುವುದರಿಂದ, ಗಟ್ಟಿ ಅಂಗಾಂಶ ಅಂಚಿನಲ್ಲಿ ಸೇರಿರುವುದು ಸಪೂರವಾಗಿ ಎತ್ತರಕ್ಕೆ ಬೆಳೆಯುವ ಈ ಮರಕ್ಕೆ ಬಹಳ ಸಹಾಯಕ. ಮಗಳ ಶಾಲೆಗೆ ಅಂಥ ಒಂದು ಅಡ್ಡತುಂಡನ್ನೂ ಸಾಗುವಾನಿಯ ಒಂದು ಅಡ್ಡತುಂಡನ್ನೂ ಕೊಟ್ಟು ಕಳುಹಿಸಿದರೆ ಇಡೀ ತರಗತಿಗೆ ಉಪಕಾರವಾಗುತ್ತದೆ ಎಂದು ನಾವು ಮನಸಾರೆ ಹೇಳುತ್ತೇವೆ.

ಹಲಸಿನ ವಿಷಯ ಬೇರೆ. ಅದರಲ್ಲಿ ಎಲೆಯಿಂದ ಬೇರಿಗೆ ಆಹಾರ ಒಯ್ಯುವ ಫ್ಲೋಯಮ್ ಪೂರ್ತಿಯಾಗಿ ತೊಗಟೆಯ ಒಳಮೈಯಲ್ಲಿ, ಕ್ಯಾಂಬಿಯಮ್‌ನ ಹೊರಗೆ ಇರುತ್ತದೆ. ಸುತ್ತಲೂ ತೊಗಟೆ ತೆಗೆದರೆ ನೀರು ಕ್ಸೈಲಮ್ ಮೂಲಕ ಏರುತ್ತಲೇ ಇರುವುದರಿಂದ ಎಲೆಗಳು ಕೆಲಕಾಲ ಹಸಿರಾಗಿಯೇ ಇರುತ್ತವೆ, ಆದರೆ ಬೇರುಗಳು ಉಪವಾಸ ಬಿದ್ದು ಮರ ನಿಧಾನವಾಗಿ ಸಾಯುತ್ತದೆ. ಇಟಲಿಯ ವಿಜ್ಞಾನಿ ಮಾರ್ಸೆಲ್ಲೊ ಮಾಲ್ಪಿಗಿ 17ನೇ ಶತಮಾನದಲ್ಲಿಯೇ ಹೀಗೆ ತೊಗಟೆಯನ್ನು ಉಂಗುರವಾಗಿ ತೆಗೆದು, ಗಾಯದ ಮೇಲ್ಭಾಗ ಊದಿಕೊಳ್ಳುವುದನ್ನು ಗಮನಿಸಿದ್ದ. ಕೆಳಗಿಳಿಯಲಾಗದ ಆಹಾರ ಅಲ್ಲಿ ಸೇರಿಕೊಳ್ಳುತ್ತದೆ. ನೀವು ದಾಳಿಂಬೆಗೋ ನಿಂಬೆಗೋ ಗೂಟಿ ಕಟ್ಟುವಾಗ ಇದನ್ನೇ ಬಳಸಿಕೊಳ್ಳುತ್ತೀರಿ: ತೊಗಟೆ ತೆಗೆದ ಜಾಗದ ಮೇಲಂಚಿನಲ್ಲಿ ಬೇರೊಡೆಯುವುದಕ್ಕೆ ಆ ಸಂಗ್ರಹವೂ ಒಂದು ಕಾರಣ.

ತೆಂಗಿನಲ್ಲಿ ಫ್ಲೋಯಮ್ ಒಂದೇ ಉಂಗುರದಲ್ಲಿಲ್ಲ, ಕಾಂಡದ ತುಂಬ ಚದುರಿದ ಸಾವಿರಾರು ಕೂರ್ಚಗಳಲ್ಲಿ ಹಂಚಿಹೋಗಿದೆ. ಅಂಚಿನ ಕೆಲವು ಕಡಿದರೂ ಉಳಿದವು ಕೆಲಸ ನಡೆಸುತ್ತವೆ. ಆದರೆ ಇದಕ್ಕೊಂದು ಬೆಲೆಯೂ ಇದೆ. ಕ್ಯಾಂಬಿಯಮ್ ಇಲ್ಲದ್ದರಿಂದ ಆ ಕಚ್ಚುಗಳು ಹಲಸಿನ ಗಾಯದಂತೆ ಹೊಸ ಅಂಗಾಂಶದಿಂದ ಮುಚ್ಚಿಕೊಳ್ಳುವುದಿಲ್ಲ, ಮರ ಇರುವವರೆಗೂ ಹಾಗೆಯೇ ಉಳಿಯುತ್ತವೆ. ಕೆಂಪು ಮೂತಿ ಹುಳು ಮೊಟ್ಟೆ ಇಡಲು ಹುಡುಕುವುದು ಇಂಥ ಗಾಯಗಳನ್ನೇ. ಬೆಳೆಯುವ ಸುಳಿ ಒಂದೇ ಆದ್ದರಿಂದ ಸುಳಿ ಕೊಳೆತರೆ ಮರವೇ ಹೋಗುತ್ತದೆ. ಹತ್ತಲು ಕಚ್ಚು ಕಡಿಯುವ ಬದಲು ಯಂತ್ರವನ್ನೋ ಏಣಿಯನ್ನೋ ಬಳಸಿ ಎಂದು ಹೇಳುವುದಕ್ಕೆ ಕಾಂಡದ ಈ ರಚನೆಯೇ ಕಾರಣ.

ಪ್ರಶ್ನೆ: ಬಾಳೆಯ ದಿಂಡು ಕಾಂಡವೇ? ಪಾಪಾಸುಕಳ್ಳಿಯ ಹಸಿರು ಹಲಗೆ ಎಲೆಯೇ? (ಒಂಬತ್ತನೆಯ ತರಗತಿಯ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಬಾಳೆಯಲ್ಲಿ ಹೊರಗೆ ಕಾಣುವ ಕಂಬ ಕಾಂಡವಲ್ಲ, ಒಂದರೊಳಗೊಂದು ಸುತ್ತಿಕೊಂಡ ಎಲೆಗಳ ಬುಡಗಳು. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಗೊನೆ ಬಿಡುವ ಕಾಲಕ್ಕೆ ಆ ಗೆಡ್ಡೆಯಿಂದ ಹೊರಟು ಕಂಬದ ನಡುವೆ ಮೇಲೇರುವ, ಹೂಗೊಂಚಲನ್ನು ಹೊರುವ ಬಿಳಿಯ ಭಾಗವೇ ನಾವು ಪಲ್ಯ ಮಾಡುವ ದಿಂಡು. ಅದು ಕಾಂಡ ಹೌದು. ಹೆಚ್ಚುವಾಗ ಬೆರಳಿಗೆ ಸುತ್ತಿಕೊಂಡು ತೆಗೆಯುವ ಎಳೆಗಳು ಅದರ ನಾಳಕೂರ್ಚಗಳಿಗೆ ಸೇರಿದವು.

ಪಾಪಾಸುಕಳ್ಳಿಯ ಹಲಗೆ ಕಾಂಡವೇ. ಎಲೆಗಳ ಕೆಲಸವನ್ನು ವಹಿಸಿಕೊಂಡು ಹಸಿರಾಗಿ, ನೀರು ಕೂಡಿಡಲು ದಪ್ಪವಾಗಿದೆ, ಎಲೆಗಳು ಮುಳ್ಳುಗಳಾಗಿವೆ. ಸೆಕ್ಷನ್ ಮಾಡಿದರೆ ದಪ್ಪ ಕ್ಯುಟಿಕಲ್, ಅದರ ಕೆಳಗೆ ಹಸಿರು ಕೋಶಗಳು, ಒಳಗೆ ಲೋಳೆ ತುಂಬಿದ ದೊಡ್ಡ ಪೇರೆಂಕೈಮ ಕೋಶಗಳು ಕಾಣುತ್ತವೆ. ಇದರ ಪತ್ರರಂಧ್ರಗಳು ಬಿಸಿಲು ಆರಿದ ಮೇಲೆ, ರಾತ್ರಿ ತೆರೆಯುತ್ತವೆ. ಇದು ಅಮೆರಿಕ ಖಂಡಗಳಿಂದ ಬಂದ ಗಿಡ. ನಮ್ಮ ಬೇಲಿಗಳಲ್ಲಿ ಇರುವ, ಮುರಿದರೆ ಹಾಲು ಸುರಿಸುವ, ಮುಳ್ಳುಗಳು ಜೋಡಿ ಜೋಡಿಯಾಗಿರುವ ಕಳ್ಳಿ ಬೇರೆಯೇ ಕುಟುಂಬಕ್ಕೆ ಸೇರಿದೆ. ಒಣಹವೆಯೆಂಬ ಒಂದೇ ಕಷ್ಟಕ್ಕೆ ಎರಡು ಕುಟುಂಬಗಳಲ್ಲಿ ಪ್ರತ್ಯೇಕವಾಗಿ ರೂಪುಗೊಂಡ ಪರಿಹಾರವಿದು. ಹಾಲು ಕಣ್ಣಿಗೆ ತಾಗಿದರೆ ಅಪಾಯ, ಆದ್ದರಿಂದ ಅದನ್ನು ಕತ್ತರಿಸುವ ಪ್ರಯೋಗ ಬೇಡ.

ಪ್ರಶ್ನೆ: ಪ್ರಾಣಿಗಳ ಹೊಂದಾಣಿಕೆಯ ಬಗ್ಗೆ ನಮ್ಮ ಪ್ರೌಢಶಾಲೆಯಲ್ಲಿ ಪ್ರಯೋಗ ಮಾಡಿಸಲು ಮಾದರಿಗಳಿಲ್ಲ. ಒಂಟೆ ಡುಬ್ಬದಲ್ಲಿ ನೀರು ಇಟ್ಟುಕೊಳ್ಳುತ್ತದೆ ಎಂಬಂಥ ವಾಕ್ಯಗಳನ್ನೇ ಮಕ್ಕಳು ಬರೆಯುತ್ತಾರೆ. ಹೇಗೆ ತಿದ್ದಲಿ? (ವಿಜ್ಞಾನ ಶಿಕ್ಷಕಿ, ರಾಯಚೂರು ಜಿಲ್ಲೆ)

ಉತ್ತರ: ಡುಬ್ಬದಲ್ಲಿರುವುದು ಕೊಬ್ಬು. ಆ ಕೊಬ್ಬು ಕರಗಿದಾಗ ನೀರು ಹುಟ್ಟುತ್ತದೆ, ಆದ್ದರಿಂದ ಅದು ಪರೋಕ್ಷವಾಗಿ ನೀರಿನ ಸಂಗ್ರಹವೇ ಎಂದು ವಾದಿಸುವವರೂ ಇದ್ದಾರೆ. ಆದರೆ ಕೊಬ್ಬನ್ನು ಉರಿಸಲು ಬೇಕಾದ ಆಮ್ಲಜನಕಕ್ಕಾಗಿ ಒಣ ಗಾಳಿಯನ್ನು ಉಸಿರಾಡುವಾಗ ಶ್ವಾಸಕೋಶದಿಂದ ನೀರು ಹೊರಹೋಗುತ್ತದೆ, ಹಾಗಾಗಿ ಲಾಭವೇನೂ ಉಳಿಯುವುದಿಲ್ಲ. ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ವಿಜ್ಞಾನಿ ತಮ್ಮ ಸಂಗಡಿಗರೊಂದಿಗೆ 1950ರ ದಶಕದಲ್ಲಿ ಸಹಾರಾ ಮರುಭೂಮಿಗೆ ಹೋಗಿ ಒಂಟೆಗಳನ್ನು ತೂಗಿ, ಅವುಗಳ ಮೈಬಿಸಿಯನ್ನು ಅಳೆದು ನೋಡಿದಾಗ ನಿಜವಾದ ಉತ್ತರ ಸಿಕ್ಕಿತು. ನೀರು ಸಿಗದ ಒಂಟೆಯ ದೇಹದ ಉಷ್ಣತೆ ಬೆಳಗಿನ ಜಾವ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ಮಧ್ಯಾಹ್ನದ ಹೊತ್ತಿಗೆ 40 ಡಿಗ್ರಿ ದಾಟುತ್ತದೆ. ಹೀಗೆ ಹಗಲಿನ ಬಿಸಿಯನ್ನು ಮೈಯಲ್ಲಿ ತುಂಬಿಟ್ಟುಕೊಂಡು ರಾತ್ರಿ ಬಿಟ್ಟುಕೊಡುವುದರಿಂದ ಬೆವರುವ ಅಗತ್ಯವೇ ಕಡಿಮೆಯಾಗುತ್ತದೆ. ದೇಹತೂಕದ ಕಾಲುಭಾಗದಷ್ಟು ನೀರನ್ನು ಕಳೆದುಕೊಂಡರೂ ಒಂಟೆ ತಡೆದುಕೊಳ್ಳಬಲ್ಲದು. ನೀರು ಸಿಕ್ಕಾಗ ಕೆಲವೇ ನಿಮಿಷಗಳಲ್ಲಿ ನೂರು ಲೀಟರಿನಷ್ಟನ್ನು ಕುಡಿದು ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಅದರ ಕೆಂಪು ರಕ್ತಕಣಗಳು ಅಂಡಾಕಾರದವು, ಅಷ್ಟು ನೀರು ಒಮ್ಮೆಲೇ ರಕ್ತಕ್ಕೆ ಸೇರಿದರೂ ಒಡೆಯುವುದಿಲ್ಲ. ಕೊಬ್ಬು ಮೈಯೆಲ್ಲ ಹರಡದೆ ಡುಬ್ಬದಲ್ಲಿ ಮಾತ್ರ ಸೇರಿರುವುದರಿಂದ ಉಳಿದ ಚರ್ಮದ ಮೂಲಕ ಬಿಸಿ ಸುಲಭವಾಗಿ ಹೊರಹೋಗುತ್ತದೆ.

ಮಾದರಿಗಳ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ: ಗಾಜಿನ ಜಾಡಿಯಲ್ಲಿ ಬಿಳಚಿಕೊಂಡ ಪ್ರಾಣಿಗಿಂತ ಊರಿನಲ್ಲಿ ಸಿಗುವ ಜೀವಂತ ಪ್ರಾಣಿಯೇ ಒಳ್ಳೆಯ ಪಾಠ. ಕೋಳಿಯ ಕಾಲನ್ನೂ ಬಾತುಕೋಳಿಯ ಕಾಲನ್ನೂ ಪಕ್ಕಪಕ್ಕದಲ್ಲಿ ಗಮನಿಸಲಿ. ಬಾತುಕೋಳಿ ಕಾಲನ್ನು ಹಿಂದಕ್ಕೆ ತಳ್ಳುವಾಗ ಬೆರಳುಗಳ ನಡುವಿನ ಪೊರೆ ಅಗಲವಾಗುವುದನ್ನೂ ಮುಂದಕ್ಕೆ ತರುವಾಗ ಮಡಚಿಕೊಳ್ಳುವುದನ್ನೂ ಕೆರೆಯ ಬದಿಯಲ್ಲಿ ನಿಂತು ನೋಡಬಹುದು. ಉದುರಿದ ಗರಿಯ ಮೇಲೆ ನೀರಿನ ಹನಿ ಬಿಟ್ಟು, ಆಮೇಲೆ ಅದೇ ಗರಿಯನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ ಮತ್ತೆ ಹನಿ ಬಿಟ್ಟರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮೀನಿನ ಅಂಗಡಿಯಿಂದ ಕಿವಿರುಗಳನ್ನು ತಂದು ನೀರಿನ ಬಟ್ಟಲಿನಲ್ಲಿ ಬಿಡಿಸಿ: ನೀರಿನಲ್ಲಿ ಎಳೆಗಳು ಬಿಡಿಬಿಡಿಯಾಗಿ ಹರಡುತ್ತವೆ, ಹೊರಗೆ ಎತ್ತಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಳಿಯಲ್ಲಿ ಆಮ್ಲಜನಕ ಹೆಚ್ಚಿದ್ದರೂ ನೀರಿನಿಂದ ತೆಗೆದ ಮೀನು ಏಕೆ ಉಸಿರುಗಟ್ಟುತ್ತದೆ ಎಂಬುದು ಆಗ ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ.

ಇನ್ನು ಗೋಡೆಯ ಹಲ್ಲಿ. ಅದು ಕಿಟಕಿಯ ಗಾಜಿನ ಮೇಲೆ ಹತ್ತಿದಾಗ ಇನ್ನೊಂದು ಬದಿಯಿಂದ ಅದರ ಪಾದವನ್ನು ನೋಡಿದರೆ ಬೆರಳುಗಳ ಅಡಿಯಲ್ಲಿ ಅಡ್ಡಡ್ಡ ಪಟ್ಟಿಗಳು ಕಾಣುತ್ತವೆ. ಗಾಳಿ ಹೀರಿ ಅಂಟಿಕೊಳ್ಳುತ್ತದೆ ಎಂಬ ವಿವರಣೆ ಹಳೆಯ ಟಿಪ್ಪಣಿಗಳಲ್ಲಿ ಈಗಲೂ ಇದೆ, ಅದು ತಪ್ಪು. ಆ ಪಟ್ಟಿಗಳ ಮೇಲೆ ಅತಿ ಸೂಕ್ಷ್ಮ ರೋಮಗಳಿವೆ. ಟೋಕೆ ಎಂಬ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು 5 ಲಕ್ಷ. ಪ್ರತಿ ರೋಮದ ತುದಿಯೂ ನೂರಾರು ಕವಲುಗಳಾಗಿ ಗೋಡೆಯನ್ನು ಅತ್ಯಂತ ಸಮೀಪದಿಂದ ಮುಟ್ಟುತ್ತದೆ. ವಿಜ್ಞಾನಿ ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2000ರಲ್ಲಿ ಒಂದೇ ರೋಮದ ಹಿಡಿತವನ್ನು ಅಳೆದರು. ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಸೆಳೆತವೇ ಈ ಹಿಡಿತಕ್ಕೆ ಕಾರಣವೆಂದು 2002ರಲ್ಲಿ ತೋರಿಸಿದರು.

ಮಕ್ಕಳ ಉತ್ತರದಲ್ಲಿ ಮೊದಲು ಕಂಡ ರಚನೆ, ಆಮೇಲೆ ಅದು ಮಾಡುವ ಕೆಲಸ, ಅನಂತರ ಆ ಕೆಲಸ ಯಾವ ಪರಿಸರದಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದು ಬರಲಿ. ಈಜಬೇಕೆಂದು ಬಾತುಕೋಳಿ ಪೊರೆ ಬೆಳೆಸಿಕೊಂಡಿತು ಎಂಬಂಥ ವಾಕ್ಯವನ್ನು ದಯವಿಟ್ಟು ತಿದ್ದಿ. ಪೊರೆ ಸ್ವಲ್ಪ ಹೆಚ್ಚಿದ್ದ ಪೂರ್ವಜರು ಹೆಚ್ಚು ಮರಿಗಳನ್ನು ಉಳಿಸಿಕೊಂಡರು, ಆ ಗುಣ ತಲೆಮಾರುಗಳಲ್ಲಿ ಹರಡಿತು. 1859ರಲ್ಲಿ ಡಾರ್ವಿನ್ ಮುಂದಿಟ್ಟ ವಿವರಣೆ ಇದೇ. ಒಂದು ಪ್ರಾಣಿಯ ಆಸೆಯಿಂದ ಅದರ ಅಂಗ ಬದಲಾಗುವುದಿಲ್ಲ.

ಪ್ರಶ್ನೆ: ಹಾರುವ ಓತಿ ಮತ್ತು ಬಾವಲಿಯ ರೆಕ್ಕೆಗಳು ಒಂದೇ ಬಗೆಯ ಹೊಂದಾಣಿಕೆ ಎಂದು ಬರೆಯಬಹುದೇ? (ದ್ವಿತೀಯ ಪಿಯುಸಿ ವಿದ್ಯಾರ್ಥಿ, ತೀರ್ಥಹಳ್ಳಿ)

ಉತ್ತರ: ಬರೆಯಬಾರದು. ಬಾವಲಿಯ ರೆಕ್ಕೆ ಅದರ ಕೈ. ಹೆಬ್ಬೆರಳು ಉಗುರಿನೊಂದಿಗೆ ಹೊರಗೆ ಉಳಿದು, ಬಾಕಿ ನಾಲ್ಕು ಬೆರಳುಗಳು ಬಹಳ ಉದ್ದವಾಗಿ ಚರ್ಮದ ಪೊರೆಯನ್ನು ಹಿಡಿದಿವೆ. ಎದೆಯ ಸ್ನಾಯುಗಳಿಂದ ರೆಕ್ಕೆ ಬಡಿದು ಅದು ನಿಜವಾಗಿ ಹಾರುತ್ತದೆ. ಹಾರುವ ಓತಿಯ ಪೊರೆಯನ್ನು ಹಿಡಿದಿರುವುದು ಪಕ್ಕೆಲುಬುಗಳು. ಪಕ್ಕಕ್ಕೆ ಚಾಚುವ ಆ ಉದ್ದನೆಯ ಪಕ್ಕೆಲುಬುಗಳನ್ನು ಬಿಚ್ಚಿ ಅದು ಮರದಿಂದ ಮರಕ್ಕೆ ತೇಲುತ್ತದೆ, ರೆಕ್ಕೆ ಬಡಿಯಲಾರದು, ಹೊರಟ ಎತ್ತರಕ್ಕಿಂತ ಕೆಳಗೇ ಇಳಿಯುತ್ತದೆ. ನಾಲ್ಕೂ ಕಾಲುಗಳು ಹಿಡಿತಕ್ಕೆ ಬಿಡುವಾಗಿರುವುದು ಅದಕ್ಕಿರುವ ಅನುಕೂಲ. ಹಾರುವ ಅಳಿಲಿನಲ್ಲಿ ಪೊರೆ ಮುಂಗಾಲು ಹಿಂಗಾಲುಗಳ ನಡುವೆ ಇರುವುದರಿಂದ ಅದು ಮೂರನೆಯ ಬಗೆ. ಬಾವಲಿಯ ರೆಕ್ಕೆಯನ್ನು ಮನುಷ್ಯನ ಕೈಯೊಂದಿಗೆ ಹೋಲಿಸಿದರೆ ಅವು ಸಮರೂಪಿ ಅಂಗಗಳು, ಮೂಲ ಒಂದೇ. ಓತಿಯ ಪೊರೆಯೊಂದಿಗೆ ಹೋಲಿಸಿದರೆ ಕೆಲಸದಲ್ಲಿ ಮಾತ್ರ ಹೋಲಿಕೆ, ಮೂಲ ಬೇರೆ.

ನಿಮ್ಮ ಊರಿನ ಸುತ್ತಲಿನ ಅಡಿಕೆ ತೋಟಗಳಲ್ಲಿಯೇ ಈ ಓತಿ ಇದೆ. ಕಾಂಡದ ಬಣ್ಣಕ್ಕೆ ಹೊಂದುವ ಮೈಬಣ್ಣದಿಂದಾಗಿ ಕುಳಿತಿರುವಾಗ ಕಾಣಿಸುವುದು ಕಷ್ಟ. ಗಂಡು ತನ್ನ ಕತ್ತಿನ ಕೆಳಗಿನ ಹಳದಿ ಪಟ್ಟಿಯನ್ನು ಆಗಾಗ ಚಾಚುತ್ತದೆ, ಆ ಚಲನೆಯನ್ನು ಗಮನಿಸಿದರೆ ಪತ್ತೆಯಾಗುತ್ತದೆ. ಕಾಂಡದ ಮೇಲೆ ಸಾಲು ಹಿಡಿದ ಇರುವೆಗಳೇ ಅದರ ಮುಖ್ಯ ಆಹಾರ. ಹೆಣ್ಣು ಮೊಟ್ಟೆ ಇಡಲು ಮಾತ್ರ ನೆಲಕ್ಕೆ ಇಳಿಯುತ್ತದೆ. ಹಿಡಿಯಬೇಡಿ, ದೂರದಿಂದ ನೋಡಿ. ತೇಲುವಾಗ ಸಾಧ್ಯವಾದರೆ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಯಿರಿ, ಚಾಚಿದ ಪಕ್ಕೆಲುಬಿನ ಗೆರೆಗಳು ಬೆಳಕಿಗೆ ಎದುರಾದಾಗ ಪೊರೆಯಲ್ಲಿ ಸ್ಪಷ್ಟವಾಗಿ ಎಣಿಸಲು ಸಿಗುತ್ತವೆ.